ಇಪ್ಪತ್ತು ಪಂದ್ಯ, ನಲವತ್ತನಾಲ್ಕು ಗೋಲು: ಜೋ ಮಲೋನ್ ಲೆಕ್ಕವನ್ನು ಓದುವ ಬಗೆ

ನಮ್ಮ ಮೈದಾನದ ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಐಸ್ ಹಾಕಿಯ ಪಕ್ ಅಂದರೆ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಅದರ ತೂಕ 156ರಿಂದ 170 ಗ್ರಾಂ. ಕೈಯಲ್ಲಿ ಹಿಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಕೊಡಗಿನ ಮೈದಾನಗಳಲ್ಲಿ ಹಾಕಿ ನೋಡಿ ಬೆಳೆದವರು ಐಸ್ ಹಾಕಿಗೆ ಇಲ್ಲಿಂದ ಕಾಲಿಡಬಹುದು. ವ್ಯತ್ಯಾಸ ಶುರುವಾಗುವುದು ಕೋಲಿನಲ್ಲಿ. ನಮ್ಮ ಹಾಕಿಯಲ್ಲಿ ಕೋಲಿನ ಚಪ್ಪಟೆ ಮುಖದಿಂದ ಮಾತ್ರ ಹೊಡೆಯಬೇಕು, ಉಬ್ಬಿದ ಬೆನ್ನು ತಗುಲಿದರೆ ಫೌಲ್. ಐಸ್ ಹಾಕಿಯಲ್ಲಿ ಎರಡೂ ಮುಖಕ್ಕೆ ಅನುಮತಿ ಇದೆ. ಅದರಲ್ಲೂ ನೂರು ವರ್ಷದ ಹಿಂದೆ ಕೋಲಿನ ಅಲಗು ನೇರವಾಗಿತ್ತು, ಈಗಿನ ಹಾಗೆ ಬಾಗಿರಲಿಲ್ಲ. ಹಾಗಾಗಿ ಮುಂಗೈ ಹೊಡೆತ ಎಷ್ಟು ನಂಬಿಕಸ್ತವೋ ಹಿಂಗೈ ಹೊಡೆತವೂ ಅಷ್ಟೇ. ಎಡಕ್ಕೂ ಬಲಕ್ಕೂ ಸಮನಾಗಿ ಗುರಿ ಇಡಬಲ್ಲ ಫಾರ್ವರ್ಡ್ ಎದುರಿಗೆ ಬಂದರೆ ಕಾಯುವವನಿಗೆ ತಲೆನೋವು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಇವತ್ತಿನ ವಿಷಯ ಜೋ ಮಲೋನ್. 1890ರ ಫೆಬ್ರವರಿ 28ರಂದು ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದವರು, ವೃತ್ತಿಪರ ಐಸ್ ಹಾಕಿಯ ಮೊದಲ ತಲೆಮಾರಿನ ದೊಡ್ಡ ಗೋಲುಗಾರ. ಅವರ ಹೆಸರು ಬಂದಲ್ಲೆಲ್ಲ ಒಂದು ಅಂಕಿಯೂ ಬರುತ್ತದೆ: 1917-18ರಲ್ಲಿ, ನ್ಯಾಷನಲ್ ಹಾಕಿ ಲೀಗಿನ ಮೊಟ್ಟಮೊದಲ ಋತುವಿನಲ್ಲಿ, 20 ಪಂದ್ಯ, 44 ಗೋಲು. ಪಂದ್ಯಕ್ಕೆ 2.20. ಒಂದು ಋತುವಿನ ಸರಾಸರಿಯಲ್ಲಿ ಈವರೆಗೆ ಯಾರೂ ಅದನ್ನು ದಾಟಿಲ್ಲ. ಈ ಅಂಕಿ ಕಂಡವರು ಎರಡು ತಪ್ಪು ಮಾಡುತ್ತಾರೆ. ಕೆಲವರು ಅದನ್ನು ಇಂದಿನ 82 ಪಂದ್ಯಗಳಿಗೆ ಗುಣಿಸಿ 180 ಗೋಲು ಅನ್ನುತ್ತಾರೆ. ವೇಯ್ನ್ ಗ್ರೆಟ್ಸ್ಕಿ 1981-82ರಲ್ಲಿ ಹೊಡೆದದ್ದು 92, ಅದೇ ಇವತ್ತಿಗೂ ದಾಖಲೆ. ಅಂದಮೇಲೆ 180 ಬರೀ ಗುಣಾಕಾರದ ಆಟ. ಇನ್ನು ಕೆಲವರು ಆಗ ಎಲ್ಲರೂ ಹಾಗೇ ಹೊಡೆಯುತ್ತಿದ್ದರು ಎಂದು ತಳ್ಳಿಹಾಕುತ್ತಾರೆ. ಅದೂ ಸರಿಯಲ್ಲ. ಆ ವರ್ಷದ ನಿಯಮಗಳನ್ನು ಪಕ್ಕಕ್ಕಿಟ್ಟುಕೊಂಡು ಅಂಕಿಯನ್ನು ಓದಬೇಕು. ಮೊದಲು ನಿಯಮಕ್ಕೆ ಹೋಗೋಣ, ಆಮೇಲೆ ಮಲೋನ್.

ಆಗ ಮುಂದಕ್ಕೆ ಪಾಸ್ ಕೊಡುವ ಹಾಗಿರಲಿಲ್ಲ. ರಗ್ಬಿ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಪಕ್ ಹಿಡಿದವನಿಗಿಂತ ಮುಂದಿರುವ ಜೊತೆಗಾರ ಅದನ್ನು ಮುಟ್ಟಿದರೆ ಆಟ ನಿಲ್ಲುತ್ತಿತ್ತು. ಪಾಸ್ ಏನಿದ್ದರೂ ಪಕ್ಕಕ್ಕೆ, ಇಲ್ಲವೇ ಹಿಂದಕ್ಕೆ. ಹೀಗಾಗಿ ಫಾರ್ವರ್ಡ್‌ಗಳು ಒಂದೇ ಸಾಲಿನಲ್ಲಿ, ಜೋಡೆತ್ತು ಹೆಗಲಿಗೆ ಹೆಗಲು ಕೊಟ್ಟು ನಡೆದ ಹಾಗೆ, ಅಂಕಣದ ಈ ತುದಿಯಿಂದ ಆ ತುದಿಗೆ ಸಾಗಬೇಕಿತ್ತು. ಒಬ್ಬ ಅರ್ಧ ಹೆಜ್ಜೆ ಮುಂದಾದರೂ ಅವನು ಆ ಗಳಿಗೆಗೆ ಲೆಕ್ಕಕ್ಕಿಲ್ಲ.

ಅಂಥ ಒಂದು ದಾಳಿಯನ್ನು ಹತ್ತಿರದಿಂದ ನೋಡೋಣ. ಸೆಂಟರ್ ಆಟಗಾರ ತನ್ನ ಗೋಲಿನ ಬಳಿ ಪಕ್ ಎತ್ತಿಕೊಂಡ. ಎಡಕ್ಕೊಬ್ಬ, ಬಲಕ್ಕೊಬ್ಬ ವಿಂಗ್, ಇಬ್ಬರೂ ಒಂದು ಕೋಲಿನಷ್ಟು ಹಿಂದೆ. ಎದುರಿಗೆ ಇಬ್ಬರು ಕಾವಲುಗಾರರು. ಹಳೆಯ ಪದ್ಧತಿಯಲ್ಲಿ ಈ ಇಬ್ಬರು ಅಕ್ಕಪಕ್ಕ ನಿಲ್ಲುತ್ತಿರಲಿಲ್ಲ, ಒಬ್ಬರ ಹಿಂದೆ ಒಬ್ಬರು. ಮುಂದಿನವನಿಗೆ ಕವರ್ ಪಾಯಿಂಟ್, ಹಿಂದಿನವನಿಗೆ ಪಾಯಿಂಟ್ ಎಂದು ಹೆಸರು. ಅಕ್ಕಪಕ್ಕ ನಿಲ್ಲುವ ರೂಢಿ ಆಮೇಲೆ ಬಂತು. ಸೆಂಟರ್ ಪಕ್ಕನ್ನು ಅಲಗಿನ ಎರಡೂ ಮುಖಗಳ ನಡುವೆ ಆಡಿಸುತ್ತ ಬರುತ್ತಾನೆ. ಕವರ್ ಪಾಯಿಂಟ್ ಕೋಲು ಚಾಚಿದ ಕ್ಷಣದಲ್ಲಿ ಅವನ ಕೋಲಿಗೂ ಸ್ಕೇಟಿಗೂ ನಡುವಿನ ಸಂದಿಯಲ್ಲಿ ಪಕ್ ತಳ್ಳಿ, ತಾನು ಇನ್ನೊಂದು ಕಡೆಯಿಂದ ನುಸುಳಿ ಆಚೆ ಎತ್ತಿಕೊಳ್ಳಬೇಕು. ಮುಂದೆ ಪಾಯಿಂಟ್ ಆಟಗಾರ ಕಾದಿದ್ದಾನೆ. ಅಲ್ಲಿ ಪಕ್ಕಕ್ಕೆ ಪಾಸ್, ವಾಪಸ್ ಪಾಸ್, ಆಮೇಲೆ ಹೊಡೆತ. ಎಡವಿದರೆ ಮೂವರೂ ಎದುರಾಳಿಯ ಗೋಲಿನ ಬಳಿ ಸಿಕ್ಕಿಬಿದ್ದಿರುತ್ತಾರೆ, ಪಕ್ ಅತ್ತ ಕಡೆ ಓಡುತ್ತಿರುತ್ತದೆ. ಕೋಲಿನ ಹಿಡಿತ ಗಟ್ಟಿ ಇಲ್ಲದವನಿಗೆ ಈ ಆಟದಲ್ಲಿ ಜಾಗವೇ ಇರಲಿಲ್ಲ.

ಮಲೋನ್ ಅವರನ್ನು ‘ಫ್ಯಾಂಟಮ್’ ಅಂದರೆ ಭೂತ ಎಂದು ಕರೆದದ್ದು ಈ ನುಸುಳುವಿಕೆಗೆ. ಸೊಂಟ ಬಗ್ಗಿಸದೆ ನೆಟ್ಟಗೆ ನಿಂತಂತೆ ಸ್ಕೇಟ್ ಮಾಡುವ ಶೈಲಿ ಅವರದು. ಢಿಕ್ಕಿ ಕೊಟ್ಟು ದಾರಿ ಮಾಡಿಕೊಳ್ಳುವ ಜಾಯಮಾನವಲ್ಲ. ಆ ಕಾಲದ ಹಾಕಿಯಲ್ಲಿ ಕೋಲಿನ ಏಟು, ರಕ್ತ, ಪೊಲೀಸ್ ಎಲ್ಲವೂ ಇತ್ತು ಎಂಬುದನ್ನು ನೆನೆದರೆ ಈ ಸಾತ್ವಿಕ ಆಟಗಾರ ಅಷ್ಟು ದಿನ ಬಾಳಿದ್ದೇ ಸೋಜಿಗ.

ಇನ್ನು ಗೋಲ್‌ಕೀಪರ್. ಅವನು ನಿಂತೇ ತಡೆಯಬೇಕಿತ್ತು. ಮಂಡಿಯೂರಿದರೆ, ಬಿದ್ದರೆ ಶಿಕ್ಷೆ. ಆರಡಿ ಅಗಲ, ನಾಲ್ಕಡಿ ಎತ್ತರದ ಗೋಲಿನ ಕೆಳಗಿನ ಎರಡು ಮೂಲೆಗಳು ಹೊಡೆಯುವವನಿಗೆ ಬಿಟ್ಟಿ ಸಿಕ್ಕಂತೆ. ಕಾಲಿಗೆ ಬಡಿದು ಮರಳಿದ ಪಕ್ಕಿನ ಮೇಲೆ ಕೀಪರ್ ಮಲಗಿ ಮುಚ್ಚಿಡುವಂತಿಲ್ಲ, ಎರಡನೆಯ ಹೊಡೆತಕ್ಕೆ ಅದು ಹಾಗೇ ಬಿದ್ದಿರುತ್ತದೆ. ಒಟ್ಟಾವದ ಕ್ಲಿಂಟ್ ಬೆನೆಡಿಕ್ಟ್ ಎಂಬ ಕೀಪರ್ ‘ಜಾರಿಬಿದ್ದೆ’ ಎಂಬ ನೆಪ ಹೂಡಿ ಹೂಡಿ ಕೊನೆಗೆ ನಿಯಮವನ್ನೇ ಬದಲಿಸಿಬಿಟ್ಟರು. 1918ರ ಜನವರಿ 9ರಂದು ಲೀಗು ಬೀಳಲು ಅನುಮತಿ ಕೊಟ್ಟಿತು. ಆ ತಾರೀಖು ನೆನಪಿನಲ್ಲಿರಲಿ, ಮತ್ತೆ ಬೇಕಾಗುತ್ತದೆ.

ಮೂರನೆಯದು ಆಟಗಾರರ ಸಂಖ್ಯೆ. ಮೊದಲು ಒಂದು ಕಡೆಗೆ ಏಳು ಜನ. ಏಳನೆಯವನು ರೋವರ್, ಬೇಕಾದ ಕಡೆ ಅಲೆಯುವವನು. ಮಲೋನ್ ಆಡುತ್ತಿದ್ದ ನ್ಯಾಷನಲ್ ಹಾಕಿ ಅಸೋಸಿಯೇಷನ್ 1911-12ರಲ್ಲಿ ರೋವರನ್ನು ಕೈಬಿಟ್ಟು ಆರಕ್ಕೆ ಇಳಿಸಿತು. ಪಡುವಣ ಕರಾವಳಿಯ ಪೆಸಿಫಿಕ್ ಕೋಸ್ಟ್ ಲೀಗು ಮಾತ್ರ 1922ರವರೆಗೂ ಏಳು ಜನರನ್ನೇ ಇಟ್ಟುಕೊಂಡಿತ್ತು. ಎರಡು ಕಡೆಯ ಚಾಂಪಿಯನ್ನರು ಐಸ್ ಹಾಕಿಯ ಅತಿದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್‌ಗೆ ಎದುರಾದರೆ ಒಂದು ಪಂದ್ಯ ಇವರ ನಿಯಮದಲ್ಲಿ, ಮುಂದಿನದು ಅವರ ನಿಯಮದಲ್ಲಿ. ಕ್ರಿಕೆಟ್ಟಿನಲ್ಲಿ ಇವತ್ತು ಹನ್ನೊಂದು, ನಾಳೆ ಹನ್ನೆರಡು ಜನ ಅಂದರೆ ಹೇಗಿರುತ್ತದೆ, ಹಾಗೆ. ಇದು ದಾರಿ ಬಿಟ್ಟ ಮಾತಾಯಿತು. ನಮಗೆ ಬೇಕಾದ್ದು ಇಷ್ಟು: ಏಳರಿಂದ ಆರಾದಾಗ ಐಸ್ ಮೇಲೆ ಜಾಗ ಹೆಚ್ಚಿತು, ನುಸುಳುವವನಿಗೆ ಲಾಭವಾಯಿತು. ಜೊತೆಗೆ ಬದಲಿ ಆಟಗಾರರು ಬೆರಳೆಣಿಕೆ. ಮುಖ್ಯ ಆಟಗಾರ ಅರವತ್ತು ನಿಮಿಷವೂ ಐಸ್ ಮೇಲೆ. ಇಂದಿನ ಫಾರ್ವರ್ಡ್ ಒಂದು ಸಲಕ್ಕೆ ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಮರಳುತ್ತಾನೆ, ಇಡೀ ಪಂದ್ಯದಲ್ಲಿ ಅವನಿಗೆ ಸಿಗುವುದು ಇಪ್ಪತ್ತು ನಿಮಿಷದ ಆಸುಪಾಸು. ಅಂದರೆ ಮಲೋನ್ ಆಡಿದ 20 ಪಂದ್ಯ, ಸಮಯದ ಲೆಕ್ಕದಲ್ಲಿ, ಇವತ್ತಿನ ಐವತ್ತು ಅರವತ್ತು ಪಂದ್ಯಗಳಿಗೆ ಸಮ. ಇದೊಂದನ್ನು ಹಿಡಿದುಕೊಂಡರೆ 180ರ ಗುಣಾಕಾರ ಅಲ್ಲಿಗೇ ಬಿದ್ದುಹೋಗುತ್ತದೆ.

ಸರಿ, ಈಗ ಮಲೋನ್ ದಾರಿ. 1908-09ರಲ್ಲಿ ಊರಿನ ತಂಡ ಕ್ವಿಬೆಕ್‌ಗೆ ಆಡಿದರು. 1910ರಲ್ಲಿ ಒಂಟಾರಿಯೊ ಪ್ರೊಫೆಷನಲ್ ಲೀಗಿನ ವಾಟರ್‌ಲೂ ತಂಡಕ್ಕೆ ಹೋಗಿ ಬಂದರು. 1910-11ರಿಂದ ಮತ್ತೆ ಕ್ವಿಬೆಕ್, ಜನ ಬುಲ್‌ಡಾಗ್ಸ್ ಎನ್ನುತ್ತಿದ್ದ ತಂಡ. ಮೊದಲ ವರ್ಷ 13 ಪಂದ್ಯಕ್ಕೆ 9 ಗೋಲು, ಹೇಳಿಕೊಳ್ಳುವಂಥದ್ದೇನಲ್ಲ. ಮರುವರ್ಷ, ರೋವರ್ ಹೋದ ಮೇಲೆ, 18ಕ್ಕೆ 21. ಅದರ ಮುಂದಿನ ವರ್ಷ 1912-13ರಲ್ಲಿ 20 ಪಂದ್ಯಕ್ಕೆ 43! ಮಧ್ಯೆ ಮೂರು ವರ್ಷ ಇಳಿದು, 1916-17ರಲ್ಲಿ 19 ಪಂದ್ಯಕ್ಕೆ 41. ನ್ಯಾಷನಲ್ ಹಾಕಿ ಅಸೋಸಿಯೇಷನ್ನಿನ ಈ ಏಳು ಋತು ಕೂಡಿದರೆ 123 ಪಂದ್ಯ, 179 ಗೋಲು. ಇಂದಿನ ದಾಖಲೆ ಪಟ್ಟಿಗಳು ಶುರುವಾಗುವುದೇ 1917ರಿಂದಾದ್ದರಿಂದ ಈ 179 ಅವುಗಳಲ್ಲಿ ಇಲ್ಲ. ಅಲ್ಲಿ ಮಲೋನ್ ಹೆಸರಿನ ಮುಂದೆ ಕಾಣುವುದು 126 ಪಂದ್ಯ, 143 ಗೋಲು. ಮನುಷ್ಯನ ಅರ್ಧಕ್ಕಿಂತ ಹೆಚ್ಚು ಆಟ ಪಟ್ಟಿಯ ಆಚೆ ಉಳಿದಿದೆ.

1912 ಮತ್ತು 1913ರಲ್ಲಿ ಕ್ವಿಬೆಕ್ ಸ್ಟ್ಯಾನ್ಲಿ ಕಪ್ ಗೆದ್ದಿತು. ಆಗ ಕಪ್ ಇಟ್ಟುಕೊಂಡವರಿಗೆ ಬೇರೆ ಊರಿನ ಚಾಂಪಿಯನ್ನರು ಸವಾಲು ಹಾಕಬಹುದಿತ್ತು. 1913ರ ಮಾರ್ಚ್ 8ರಂದು ನೋವಾ ಸ್ಕೋಷಿಯಾದ ಸಿಡ್ನಿ ಮಿಲಿಯನೇರ್ಸ್ ಬಂದು 14-3ರಿಂದ ಸೋತರು. ಹದಿನಾಲ್ಕರಲ್ಲಿ ಒಂಬತ್ತು ಮಲೋನ್ ಹೊಡೆದದ್ದು. ಇದನ್ನು ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. ಸವಾಲು ಪಂದ್ಯಗಳಲ್ಲಿ ಎದುರಾಳಿ ಯಾರಾದರೂ ಇರಬಹುದಿತ್ತು. 1905ರಲ್ಲಿ ಒಟ್ಟಾವದ ಫ್ರಾಂಕ್ ಮೆಗೀ, ಒಂದು ಕಣ್ಣು ಕಳೆದುಕೊಂಡಿದ್ದವರು, ಒಂದೇ ಕಪ್ ಪಂದ್ಯದಲ್ಲಿ 14 ಗೋಲು ಹೊಡೆದರು. ಎದುರಾಳಿ ಯೂಕಾನ್‌ನ ಡಾಸನ್ ಸಿಟಿಯಿಂದ ವಾರಗಟ್ಟಲೆ ಪಯಣಿಸಿ, ಸುಸ್ತಾಗಿ ಬಂದಿದ್ದ ತಂಡ, ಅಂಕ 23-2. ಹತ್ತಿರದ ಪೈಪೋಟಿಯಲ್ಲಿ ಬಂದ ಎರಡು ಗೋಲಿಗೆ ಇಂಥ ಹತ್ತಕ್ಕಿಂತ ಬೆಲೆ ಹೆಚ್ಚು.

ದುಡ್ಡಿನ ವಿಷಯ ಹೇಳದೆ ವೃತ್ತಿಪರ ಎಂಬ ಮಾತಿಗೆ ಅರ್ಥವಿಲ್ಲ. 1909-10ರಲ್ಲಿ ರೆನ್‌ಫ್ರೂ ಎಂಬ ಪುಟ್ಟ ಊರಿನ ತಂಡ ಸೈಕ್ಲೋನ್ ಟೇಲರ್ ಎಂಬ ಆಟಗಾರರಿಗೆ 5,250 ಡಾಲರ್ ಕೊಟ್ಟಿತು. ಮಾಲೀಕರು ಬೆಚ್ಚಿಬಿದ್ದು ಮರುವರ್ಷವೇ ಮಿತಿ ಹೇರಿದರು: ಇಡೀ ತಂಡದ ಸಂಬಳ ಸೇರಿ 5,000 ಡಾಲರ್ ಮೀರಕೂಡದು. ಹಿಂದಿನ ವರ್ಷ ಒಬ್ಬನಿಗೆ ಕೊಟ್ಟದ್ದಕ್ಕಿಂತ ಕಡಿಮೆ, ಎಲ್ಲರಿಗೂ ಸೇರಿ! ಆಟಗಾರರು ತಮ್ಮದೇ ಲೀಗು ಕಟ್ಟುತ್ತೇವೆ ಎಂದು ಹೊರಟರು. ಆದರೆ ಐಸ್ ಅಂಕಣಗಳ ಕರಾರು ಮಾಲೀಕರ ಕೈಯಲ್ಲಿತ್ತು, ಆಡಲು ಜಾಗ ಸಿಗಲಿಲ್ಲ, ಬಂಡಾಯ ಕರಗಿತು. ಅದೂ ಅಲ್ಲದೆ ಪೂರ್ವದ ಬಹುಪಾಲು ಅಂಕಣಗಳಲ್ಲಿದ್ದದ್ದು ಚಳಿಗೆ ತಾನಾಗಿ ಹೆಪ್ಪುಗಟ್ಟುವ ಐಸ್. ಡಿಸೆಂಬರ್ ಕೊನೆಗೆ ಶುರು, ಮಾರ್ಚಿಗೆ ಕರಗಿ ನೀರು. ಅದಕ್ಕೇ ಋತುವಿಗೆ ಹದಿನೆಂಟು, ಇಪ್ಪತ್ತು, ಇಪ್ಪತ್ತನಾಲ್ಕು ಪಂದ್ಯ. ಮೂರು ತಿಂಗಳ ಸಂಬಳದಲ್ಲಿ ಹನ್ನೆರಡು ತಿಂಗಳ ಸಂಸಾರ ಸಾಗದು. ಪ್ರತಿಯೊಬ್ಬರಿಗೂ ಇನ್ನೊಂದು ಕೆಲಸ ಇರಲೇಬೇಕಿತ್ತು.

1917ರ ನವೆಂಬರ್ 26ರಂದು ಮಾಂಟ್ರಿಯಲ್‌ನ ವಿಂಡ್ಸರ್ ಹೋಟೆಲಿನಲ್ಲಿ ಹೊಸ ಲೀಗು ಹುಟ್ಟಿತು. ಟೊರಾಂಟೊ ತಂಡದ ಎಡ್ಡಿ ಲಿವಿಂಗ್‌ಸ್ಟನ್ ಎಂಬ ಮಾಲೀಕನ ಜೊತೆ ಏಗಲಾರದೆ ಉಳಿದವರೆಲ್ಲ ಹಳೆಯ ಸಂಘವನ್ನು ಅವರೊಬ್ಬರಿಗೇ ಬಿಟ್ಟು ಎದ್ದು ಬಂದರು. ಕ್ವಿಬೆಕ್ ಆ ವರ್ಷ ತಂಡ ಇಳಿಸಲಿಲ್ಲ. ಅದರ ಆಟಗಾರರನ್ನು ಹಂಚಿದಾಗ ಮಲೋನ್ ಮಾಂಟ್ರಿಯಲ್ ಕೆನೇಡಿಯನ್ಸ್ ಪಾಲಿಗೆ ಬಂದರು. ಅಲ್ಲಿ ಸೆಂಟರ್ ಜಾಗದಲ್ಲಿ ನ್ಯೂಸಿ ಲಲೋಂಡ್ ಇದ್ದರು. ಮಲೋನ್ ಎಡ ವಿಂಗಿಗೆ ಸರಿದರು. ಬಲಕ್ಕೆ ಡಿಡಿಯೆ ಪಿತ್ರ್.

ಆ ಋತುವನ್ನು ಕೊಂಚ ಬಿಡಿಸಿ ನೋಡಿ. ಡಿಸೆಂಬರ್ 19, ಲೀಗಿನ ಮೊದಲ ರಾತ್ರಿ: ಕೆನೇಡಿಯನ್ಸ್ 7, ಒಟ್ಟಾವ 4. ಏಳರಲ್ಲಿ ಐದು ಮಲೋನ್. ಜನವರಿ 2ರಂದು ಮಾಂಟ್ರಿಯಲ್ ಅರೀನಾ ಬೆಂಕಿಗೆ ಆಹುತಿಯಾಯಿತು, ವಾಂಡರರ್ಸ್ ತಂಡ ಕಣದಿಂದಲೇ ಎದ್ದುಹೋಯಿತು, ಕೆನೇಡಿಯನ್ಸ್ ಜ್ಯೂಬಿಲಿ ಅಂಕಣಕ್ಕೆ ಗುಳೆ ಹೋಯಿತು. ಲೀಗಿನಲ್ಲಿ ಉಳಿದದ್ದು ಮೂರೇ ತಂಡ. ಜನವರಿ 9ರಂದು ಕೀಪರುಗಳಿಗೆ ಬೀಳಲು ಅನುಮತಿ ಸಿಕ್ಕಿತು ಎಂದೆನಲ್ಲ? ಜನವರಿ 12ರಂದು ಅದೇ ಒಟ್ಟಾವದ ವಿರುದ್ಧ ಮಲೋನ್ ಮತ್ತೆ ಐದು ಹೊಡೆದರು. ನಿಂತ ಕೀಪರನ್ನಷ್ಟೇ ಸೋಲಿಸಬಲ್ಲವರಾಗಿದ್ದರೆ ಇಲ್ಲಿ ಗೋಲು ನಿಲ್ಲಬೇಕಿತ್ತು. ಫೆಬ್ರವರಿ 2ರಂದು ಟೊರಾಂಟೊ ಮೇಲೆ ಮೂರನೆಯ ಸಲ ಐದು. ಮೊದಲ 14 ಪಂದ್ಯಗಳಲ್ಲಿ ಒಂದರಲ್ಲೂ ಬರಿಗೈಯಲ್ಲಿ ಬರಲಿಲ್ಲ, ಆ ಹದಿನಾಲ್ಕರಲ್ಲೇ 35 ಗೋಲು.

ಈಗ ತೂಕಕ್ಕೆ ಹಾಕೋಣ. ಆ ವರ್ಷ ಲೀಗಿನ ಲೆಕ್ಕಕ್ಕೆ ಬಂದದ್ದು 36 ಪಂದ್ಯ, ಬಿದ್ದ ಗೋಲು 342. ಎರಡೂ ತಂಡ ಸೇರಿ ಪಂದ್ಯಕ್ಕೆ ಒಂಬತ್ತೂವರೆ. ಗೋಲು ಅಗ್ಗವಾಗಿತ್ತು, ನಿಜ. ಎರಡನೆಯ ಸ್ಥಾನದ ಸೈ ಡೆನೆನಿ 20 ಪಂದ್ಯಕ್ಕೆ 36 ಹೊಡೆದಿದ್ದರು. ಲಲೋಂಡ್ 14 ಪಂದ್ಯಕ್ಕೆ 23. ಕೆನೇಡಿಯನ್ಸ್ ಒಟ್ಟು 115ರಲ್ಲಿ ಮಲೋನ್ ಪಾಲು 44, ನೂರಕ್ಕೆ 38. ಪಕ್ಕದಲ್ಲಿ ಲಲೋಂಡ್, ಪಿತ್ರ್ ಇದ್ದರು ಎಂಬುದನ್ನು ಮರೆಯಬಾರದು. ಕಾವಲುಗಾರರು ಮೂವರಲ್ಲಿ ಯಾರನ್ನು ಹಿಡಿಯಬೇಕು? ಮೂವರೂ ಸೇರಿ 84 ಹೊಡೆದರು.

ಮುಂದಿನ ವರ್ಷ 8 ಪಂದ್ಯ, 7 ಗೋಲು. ಫಾರ್ಮ್ ಹೋಯಿತು ಎಂದುಕೊಂಡರೆ ತಪ್ಪು. ಕ್ವಿಬೆಕ್‌ನಲ್ಲಿ ಅವರಿಗೆ ಹಾಕಿಗಿಂತ ಭದ್ರವಾದ ಕೆಲಸ ಸಿಕ್ಕಿತ್ತು. ಲೀಗಿನ ಅತಿದೊಡ್ಡ ಗೋಲುಗಾರ ಕೆಲಸ ಬಿಡದೆ, ಬಿಡುವಾದಾಗ ಬಂದು ಆಡುತ್ತಿದ್ದರು. ಹೀಗಾಗಿ 1919ರ ವಸಂತದಲ್ಲಿ ಕೆನೇಡಿಯನ್ಸ್ ಸ್ಟ್ಯಾನ್ಲಿ ಕಪ್‌ಗಾಗಿ ಸಿಯಾಟಲ್‌ಗೆ ಹೋದಾಗ ಮಲೋನ್ ರೈಲು ಹತ್ತಲಿಲ್ಲ. ಆ ಸರಣಿ ಮುಗಿಯಲೇ ಇಲ್ಲ. ಇನ್‌ಫ್ಲುಯೆಂಜಾ ತಂಡವನ್ನೇ ಮಲಗಿಸಿತು, ಕ್ವಿಬೆಕ್ ದಿನಗಳಿಂದ ಮಲೋನ್ ಜೊತೆ ಆಡಿದ್ದ ಜೋ ಹಾಲ್ ಏಪ್ರಿಲ್ 5ರಂದು ಸಿಯಾಟಲ್‌ನಲ್ಲೇ ತೀರಿಕೊಂಡರು.

ಅದೇ 1918-19ರಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆಯಾಯಿತು. ಐಸ್ ನಡುವಿನಿಂದ ಆಚೆಗೆ ಇಪ್ಪತ್ತು ಅಡಿ, ಈಚೆಗೆ ಇಪ್ಪತ್ತು ಅಡಿಗೆ ನೀಲಿ ಗೆರೆ ಎಳೆದು, ಆ ನಲವತ್ತು ಅಡಿಯೊಳಗೆ ಮುಂದಕ್ಕೆ ಪಾಸ್ ಕೊಡಬಹುದು ಎಂದರು. ಅಂದರೆ ಮಲೋನ್ ಅವರ 44ಕ್ಕೂ ಮುಂದಿನ ಪಾಸಿಗೂ ಸಂಬಂಧವೇ ಇಲ್ಲ, ಅವೆಲ್ಲ ಹಳೆಯ ಸಾಲು ಆಟದ ಗೋಲುಗಳು.

1919-20ರಲ್ಲಿ ಕ್ವಿಬೆಕ್ ತಂಡ ಮತ್ತೆ ಎದ್ದಿತು. ಮಲೋನ್ ಊರಿಗೆ ಮರಳಿದರು. ತಂಡ ಮಾತ್ರ ತೀರಾ ಸೊರಗಿತ್ತು: 24 ಪಂದ್ಯ, 4 ಗೆಲುವು, 20 ಸೋಲು. ಹೊಡೆದದ್ದು 91, ತಿಂದದ್ದು 177. ಆ 91ರಲ್ಲಿ ಮಲೋನ್ ಅವರದು 39, ನೂರಕ್ಕೆ 43. ಗೋಲು ಪಟ್ಟಿಯಲ್ಲಿ ಮತ್ತೆ ಅವರೇ ಮೊದಲು, 37 ಹೊಡೆದ ಲಲೋಂಡ್ ಎರಡನೆಯವರು. ಯಾರಾದರೂ ನನ್ನನ್ನು ಮಲೋನ್ ಅವರ ಅತ್ಯುತ್ತಮ ಋತು ಯಾವುದು ಎಂದರೆ 44ರ ವರ್ಷವನ್ನು ಬಿಟ್ಟು ಇದನ್ನು ತೋರಿಸುತ್ತೇನೆ. ಅಕ್ಕಪಕ್ಕ ಲಲೋಂಡ್ ಇಲ್ಲ, ಪಿತ್ರ್ ಇಲ್ಲ. ಎದುರಾಳಿಗಳಿಗೆ ಹಿಡಿಯಬೇಕಾದವನು ಒಬ್ಬನೇ ಎಂದು ಮೊದಲೇ ಗೊತ್ತು. ತಂಡ ಪ್ರತಿ ಪಂದ್ಯದಲ್ಲೂ ಏಳು ಗೋಲು ತಿನ್ನುತ್ತಿತ್ತು, ಪಕ್ ಬಹುಪಾಲು ತನ್ನ ಗೋಲಿನ ಬಳಿಯೇ ಇರುತ್ತಿತ್ತು.

1920ರ ಜನವರಿ 31ರ ರಾತ್ರಿ ಬಂದದ್ದು ಇಂಥ ಋತುವಿನ ನಡುವೆ. ಕ್ವಿಬೆಕ್‌ನಲ್ಲಿ ಕೊರೆಯುವ ಚಳಿ, ನೋಡಲು ಬಂದವರು ಕಡಿಮೆ. ಎದುರಾಳಿ ಟೊರಾಂಟೊ ಸೇಂಟ್ ಪ್ಯಾಟ್ರಿಕ್ಸ್, ಆ ವರ್ಷ 12 ಗೆದ್ದು 12 ಸೋತ ತಂಡ, ಅಂದರೆ ಕಡೆಗಣಿಸುವ ಎದುರಾಳಿಯಲ್ಲ. ಕ್ವಿಬೆಕ್ 10-6ರಿಂದ ಗೆದ್ದಿತು, ವರ್ಷದ ನಾಲ್ಕು ಗೆಲುವುಗಳಲ್ಲಿ ಒಂದು. ಮಲೋನ್ ಏಳು ಹೊಡೆದರು. ಒಂದು ಪಂದ್ಯಕ್ಕೆ ಏಳು ಗೋಲು, ಇವತ್ತಿಗೂ ಲೀಗಿನ ದಾಖಲೆ. ಆಮೇಲೆ ಆರರವರೆಗೆ ಬಂದವರಿದ್ದಾರೆ: 1944ರಲ್ಲಿ ಸಿಡ್ ಹೌ, 1968ರಲ್ಲಿ ರೆಡ್ ಬೆರೆನ್ಸನ್, 1976ರಲ್ಲಿ ಡ್ಯಾರಿಲ್ ಸಿಟ್ಲರ್. ಏಳನೆಯದು ಯಾರಿಗೂ ಸಿಗಲಿಲ್ಲ. ಮಾರ್ಚ್ 10ರಂದು ಮಲೋನ್ ಒಟ್ಟಾವ ಮೇಲೆ ಆರು ಹೊಡೆದದ್ದೂ ಇದೇ ಋತುವಿನಲ್ಲಿ. ಒಟ್ಟಾವ ಅಷ್ಟರಲ್ಲಿ ಲೀಗು ಗೆದ್ದಾಗಿತ್ತು, ಹಾಗಾಗಿ ಅದನ್ನು ಏಳರ ಸಮಕ್ಕೆ ಇಡಬೇಕಿಲ್ಲ.

ಕ್ವಿಬೆಕ್ ತಂಡ ಹ್ಯಾಮಿಲ್ಟನ್‌ಗೆ ಹೋಯಿತು, ಮಲೋನ್ ಜೊತೆಗೆ ಹೋದರು. 20 ಪಂದ್ಯಕ್ಕೆ 28, ಮರುವರ್ಷ 24ಕ್ಕೆ 24. ಆಮೇಲೆ ಮತ್ತೆ ಕೆನೇಡಿಯನ್ಸ್: 20 ಪಂದ್ಯ, 1 ಗೋಲು. ಇಷ್ಟು ಕಡಿದಾದ ಇಳಿಜಾರು ಏಕೆ? ವಯಸ್ಸು 32 ದಾಟಿತ್ತು, ಅದೊಂದು. ಬದಲಿ ಆಟಗಾರರನ್ನು ಹೆಚ್ಚೆಚ್ಚು ಇಳಿಸತೊಡಗಿದ್ದರು, ಅದು ಇನ್ನೂ ಮುಖ್ಯ. ಅರವತ್ತು ನಿಮಿಷ ಆಡುವ ಕಾಲದಲ್ಲಿ ಶಕ್ತಿ ಉಳಿಸಿಕೊಂಡು, ಎದುರಾಳಿ ದಣಿದಾಗ ನುಸುಳುವುದು ಜಾಣತನ. ದಣಿಯುವ ಮುನ್ನವೇ ಕಾವಲುಗಾರ ಬದಲಾದರೆ ಆ ಜಾಣತನಕ್ಕೆ ಕೆಲಸವಿಲ್ಲ, ಬೇಕಾಗುವುದು ಬರಿಯ ವೇಗ. ಈಗ ಮಲೋನ್ ತಾವೇ ಬೆಂಚಿನ ಮೇಲಿದ್ದರು. 1923ರ ತರಬೇತಿ ಶಿಬಿರಕ್ಕೆ ಹೌವಿ ಮೊರೆನ್ಜ್ ಎಂಬ ಹೊಸ ಹುಡುಗ ಬಂದ. ಅವನ ಓಟ ನೋಡಿದ ಕೂಡಲೇ ತನ್ನ ಕಾಲ ಮುಗಿಯಿತು ಎಂದು ಗೊತ್ತಾಯಿತೆಂದು ಮಲೋನ್ ಆಮೇಲೆ ಹೇಳಿಕೊಂಡಿದ್ದಾರೆ. ಆ ಋತುವಿನಲ್ಲಿ 10 ಪಂದ್ಯ, ಗೋಲು ಸೊನ್ನೆ. ಅಲ್ಲಿಗೆ ನಿವೃತ್ತಿ.

ಆಟವೂ ಅಷ್ಟೇ ಬೇಗ ಬದಲಾಯಿತು. 1928-29ಕ್ಕೆ ಬಂದರೆ ಪಂದ್ಯಕ್ಕೆ ಎರಡೂ ತಂಡ ಸೇರಿ ಮೂರು ಗೋಲೂ ಇಲ್ಲ. ಆ ವರ್ಷ ಅತಿ ಹೆಚ್ಚು ಗೋಲು ಹೊಡೆದ ಏಸ್ ಬೇಲಿ ಲೆಕ್ಕ: 44 ಪಂದ್ಯ, 22 ಗೋಲು. ಮಲೋನ್ ಅಂಕಿಯನ್ನು ತಲೆಕೆಳಗು ಮಾಡಿದಂತಿಲ್ಲವೇ? ಕೀಪರ್ ಮಲಗಬಹುದು, ಕಾವಲುಗಾರ ತಾಜಾ ಆಗಿರುತ್ತಾನೆ, ಆದರೆ ನೀಲಿ ಗೆರೆಯಾಚೆ, ಎದುರಾಳಿಯ ವಲಯದಲ್ಲಿ, ಮುಂದಕ್ಕೆ ಪಾಸ್ ಇನ್ನೂ ನಿಷಿದ್ಧ. ಫಾರ್ವರ್ಡ್‌ಗೆ ಎಲ್ಲ ಬಾಗಿಲೂ ಮುಚ್ಚಿದ್ದವು. 1929-30ರಲ್ಲಿ ಮೂರೂ ವಲಯಗಳಲ್ಲಿ ಪಾಸ್ ಬಿಟ್ಟಾಗ ಜನ ಎದುರಾಳಿಯ ಗೋಲಿನ ಮುಂದೆಯೇ ಹೋಗಿ ಠಿಕಾಣಿ ಹೂಡಿದರು. ಪಕ್ಕಿಗಿಂತ ಮೊದಲು ನೀಲಿ ಗೆರೆ ದಾಟಕೂಡದು ಎಂಬ ತಿದ್ದುಪಡಿಯನ್ನು ಋತುವಿನ ನಡುವೆ, ಡಿಸೆಂಬರಿನಲ್ಲೇ ತರಬೇಕಾಯಿತು.

44ರ ದಾಖಲೆ 27 ವರ್ಷ ಉಳಿಯಿತು. 1943-44ರಲ್ಲಿ ನಡುವೆ ಕೆಂಪು ಗೆರೆ ಬಂದು, ತನ್ನ ವಲಯದಿಂದಲೇ ಅಲ್ಲಿಯವರೆಗೆ ಪಾಸ್ ಕಳಿಸಲು ಸಾಧ್ಯವಾದ ಮೇಲೆ ಗೋಲುಗಳು ಮತ್ತೆ ಏರಿದವು. ಮರುವರ್ಷ ಕೆನೇಡಿಯನ್ಸ್ ತಂಡದವರೇ ಆದ ಮೊರೀಸ್ ರಿಷಾರ್ 50 ಪಂದ್ಯಕ್ಕೆ 50 ಹೊಡೆದರು. ಅವರ ನಲವತ್ತೈದನೆಯ ಗೋಲು ಬಂದದ್ದು 1945ರ ಫೆಬ್ರವರಿ 25ರಂದು, ಮಾಂಟ್ರಿಯಲ್ ಫೋರಮ್‌ನಲ್ಲಿ, ಟೊರಾಂಟೊ ವಿರುದ್ಧ. ಇನ್ನು ಮೂರು ದಿನಕ್ಕೆ 55 ತುಂಬಲಿದ್ದ ಮಲೋನ್ ಅಲ್ಲಿಗೆ ಬಂದಿದ್ದರು. ಆ ಪಕ್ಕನ್ನು ರಿಷಾರ್ ಕೈಗೆ ಕೊಟ್ಟವರು ಅವರೇ.